ಒಂದು ಹೂವು, ಹತ್ತು ಚಿತ್ರ: ಕ್ಯಾಟಲಾಗಿಗೆ ಫೋಕಸ್ ಸ್ಟ್ಯಾಕಿಂಗ್

ಹೂವಿನ ಬೀಜದ ವ್ಯಾಪಾರದಲ್ಲಿ ಗ್ರಾಹಕನು ತಾನು ಕೊಳ್ಳುವ ಹೂವನ್ನು ಮುಂಚಿತವಾಗಿ ಕಾಣಲಾರ. ಪೆಟೂನಿಯಾ ಬೀಜವಂತೂ ಧೂಳಿನ ಕಣದಷ್ಟು ಸಣ್ಣದು. ಅದರಿಂದ ಎಂತಹ ಹೂವು ಅರಳೀತೆಂದು ಹೇಳುವುದು ಪೊಟ್ಟಣದ ಮೇಲಿನ ಚಿತ್ರವೇ. ಮನಮೋಹನ ಅತ್ತಾವರ ಅವರು 1965ರಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು ಬನಶಂಕರಿ ಕಡೆಯಿಂದ ಹೈಬ್ರಿಡ್ ಹೂಬೀಜಗಳನ್ನು ವಿದೇಶಗಳಿಗೆ ಕಳುಹಿಸಿದ ಕಾರಣ, ದಕ್ಷಿಣ ಬೆಂಗಳೂರಿಗೆ ಈ ವಹಿವಾಟು ಹೊಸದೇನಲ್ಲ. ಇಂದು ನರ್ಸರಿಯವರೂ ಹೂವಿನ ರಫ್ತುದಾರರೂ ಖರೀದಿದಾರರಿಗೆ ಮೊದಲು ಕಳುಹಿಸುವುದು ಚಿತ್ರವನ್ನೇ. ಗುಲಾಬಿಯ ಮುಂದಿನ ಎಸಳು ಸ್ಪಷ್ಟವಾಗಿದ್ದು ಹಿಂದಿನವು ಮಸುಕಾಗಿದ್ದರೆ, ಆ ಮಸುಕಿನಲ್ಲಿ ಥ್ರಿಪ್ಸ್ ಕೀಟದ ಕಲೆಯಿರಬಹುದೇ ಎಂಬ ಅನುಮಾನ ಖರೀದಿದಾರನಿಗೆ ಬರುವುದು ಸಹಜ.

ಈ ಮಸುಕಿಗೆ ಕ್ಯಾಮೆರಾದ ಅಗ್ಗತನ ಕಾರಣವಲ್ಲ. 7 ಸೆಂ.ಮೀ. ಅಗಲದ ಗುಲಾಬಿಯನ್ನು ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಚೌಕಟ್ಟು ತುಂಬುವಂತೆ ತೆಗೆದಾಗ, ಎಫ್ 8 ಅಪರ್ಚರಿನಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು 6 ಮಿ.ಮೀ. ಮಾತ್ರ. ಹೂವಿನ ಆಳವಾದರೋ 3-4 ಸೆಂ.ಮೀ. ಇನ್ನೂ ಸಮೀಪಿಸಿ, ಸೆನ್ಸರಿನ ಮೇಲೆ ವಸ್ತುವಿನ ನಿಜಗಾತ್ರದ ಬಿಂಬ ಬೀಳುವಂತೆ ತೆಗೆದರೆ ಆ 6 ಮಿ.ಮೀ. ಸುಮಾರು ಒಂದಕ್ಕೆ ಇಳಿಯುತ್ತದೆ. ಅಪರ್ಚರನ್ನು ಎಫ್ 22ಕ್ಕೆ ಕಿರಿದುಗೊಳಿಸಿದರೆ ಆಳ ಹೆಚ್ಚುವುದು ನಿಜ. ಆದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೃದುವಾಗಿ, ಎಸಳಿನ ನರಗಳು ಅಳಿಸಿಹೋಗುತ್ತವೆ. ದುಬಾರಿ ಲೆನ್ಸ್ ಕೊಂಡವರೂ ಇಲ್ಲಿ ಮುಗ್ಗರಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲಾಲ್‌ಬಾಗಿನಲ್ಲಿ ಸಸ್ಯಚಿತ್ರಗಳನ್ನು ಬರೆದ ಚೆಲುವಯ್ಯ ರಾಜು ಅವರಂತಹ ಕಲಾವಿದರಿಗೆ ಈ ತೊಡಕು ಇರಲಿಲ್ಲ. ಚಿತ್ರಕಾರನ ಕಣ್ಣು ಕೇಸರದಿಂದ ಎಸಳಿಗೆ, ಎಸಳಿನಿಂದ ತೊಟ್ಟಿಗೆ ಸರಿಯುತ್ತ ಒಂದೊಂದನ್ನೂ ಬೇರೆಬೇರೆಯಾಗಿ ನೋಡುತ್ತದೆ. ಕಾಗದದ ಮೇಲೆ ಎಲ್ಲವೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಫೋಕಸ್ ಸ್ಟ್ಯಾಕಿಂಗ್ ಮಾಡುವುದೂ ಇದನ್ನೇ. ಒಂದೇ ಹೂವಿನ ಹಲವು ಚಿತ್ರಗಳನ್ನು ಫೋಕಸ್ ಮಾತ್ರ ಬದಲಿಸುತ್ತ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆಯ್ದು ಒಂದಾಗಿ ಹೆಣೆಯಲಾಗುತ್ತದೆ. ಮೇಲೆ ಹೇಳಿದ ಗುಲಾಬಿಗೆ ಎಂಟು-ಹತ್ತು ಚಿತ್ರಗಳು ಸಾಕು. ನಿಜಗಾತ್ರದಲ್ಲಿ ತೆಗೆಯುವ 2 ಸೆಂ.ಮೀ. ಆಳದ ಕೇಸರಗುಚ್ಛಕ್ಕೆ ಇಪ್ಪತ್ತೈದು-ಮೂವತ್ತು ಬೇಕಾದೀತು.

ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವು ಈ ಕೆಲಸಕ್ಕೆ ಒಗ್ಗದು. ಜನಸಂದಣಿ, ಗಾಳಿ, ಅಲುಗಾಡುವ ಹೂವು. ಮೂರರಲ್ಲಿ ಯಾವುದೊಂದಿದ್ದರೂ ಚಿತ್ರಗಳು ಪರಸ್ಪರ ಹೊಂದುವುದಿಲ್ಲ. ಬೆಳಗಿನ ಜಾವ ಗಾಂಧಿ ಬಜಾರಿನಲ್ಲಿ ಅರೆಬಿರಿದ ಹೂವನ್ನು ಕೊಂಡು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಫ್ಯಾನ್ ನಿಲ್ಲಿಸಿ ಕುಳಿತುಕೊಳ್ಳುವುದು ಲೇಸು. ತೊಟ್ಟನ್ನು ಕ್ಲಿಪ್ಪಿನಿಂದ ಬಿಗಿಯಬೇಕು. ಕ್ಯಾಮೆರಾ ಟ್ರೈಪಾಡಿನ ಮೇಲಿರಬೇಕು. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್‌ಗಳನ್ನು ಮ್ಯಾನುಯಲ್ ಆಗಿ ನಿಗದಿಪಡಿಸಬೇಕು. ಹೂವಿನ ಅತಿ ಮುಂದಿನ ಬಿಂದುವಿನಿಂದ ಆರಂಭಿಸಿ, ಪ್ರತಿ ಚಿತ್ರವೂ ಹಿಂದಿನದರ ಸ್ಪಷ್ಟ ಭಾಗವನ್ನು ಮೂರನೇ ಒಂದು ಪಾಲಿನಷ್ಟು ಆವರಿಸುವಂತೆ ಫೋಕಸನ್ನು ಹಿಂದಕ್ಕೆ ಸರಿಸುತ್ತ ಹೋಗಬೇಕು. ಕಿಟಕಿಯ ಬೆಳಕು ಸುಂದರವೇ ಸರಿ, ಆದರೆ ಬೆಂಗಳೂರಿನ ಮೋಡಗಳನ್ನು ನಂಬುವಂತಿಲ್ಲ. ಬಿಸಿಯಾಗುವ ದೀಪವನ್ನು ಹತ್ತಿರವಿಟ್ಟರೆ ಐದಾರು ನಿಮಿಷಗಳಲ್ಲೇ ಎಸಳು ಚಲಿಸುವುದುಂಟು; ಮಿನುಗದ ಎಲ್‌ಇಡಿ ದೀಪವೇ ಸೂಕ್ತ.

ಫೋಕಸನ್ನು ತಾನಾಗಿಯೇ ಹಂತಹಂತವಾಗಿ ಸರಿಸುವ ಕ್ಯಾಮೆರಾಗಳೂ ಬಂದಿವೆ. ಒಲಿಂಪಸ್ 2015ರಲ್ಲಿ ತನ್ನ ಇ-ಎಂ1 ಮಾದರಿಗೂ, ನಿಕಾನ್ 2017ರಲ್ಲಿ ಡಿ850 ಮಾದರಿಗೂ ಈ ಸೌಲಭ್ಯವನ್ನು ನೀಡಿದವು. ಇದಿಲ್ಲವೆಂದು ಹಳೆಯ ಕ್ಯಾಮೆರಾವನ್ನು ಮಾರಬೇಕಿಲ್ಲ. ಕೈಯಿಂದ ಫೋಕಸ್ ರಿಂಗ್ ತಿರುಗಿಸಿದರೂ ಫಲಿತಾಂಶಕ್ಕೆ ಕೊರತೆಯಾಗದು. ಚಿತ್ರಗಳನ್ನು ಬೆಸೆಯುವ ಕೆಲಸವನ್ನು 2008ರ ಸಿಎಸ್4 ಆವೃತ್ತಿಯಿಂದಲೇ ಫೋಟೋಶಾಪ್ ಮಾಡುತ್ತಿದೆ. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ತಂತ್ರಾಂಶಗಳು ಇದಕ್ಕೆಂದೇ ರೂಪುಗೊಂಡಿವೆ.

ತಂತ್ರಾಂಶವನ್ನು ಕುರುಡಾಗಿ ನಂಬಬಾರದೆಂಬುದಕ್ಕೆ ಮನೆಯಂಗಳದ ದಾಸವಾಳವೇ ಸಾಕ್ಷಿ. ಅದರ ಕೇಸರದಂಡವು ಎಸಳುಗಳಿಗಿಂತ ಬಹು ಮುಂದಕ್ಕೆ ಚಾಚಿರುವುದರಿಂದ, ಹಿಂದಿನ ಎಸಳಿಗೆ ಫೋಕಸ್ ಮಾಡಿದಾಗ ಮಸುಕಾದ ದಂಡವು ಅಗಲವಾಗಿ ಹರಡಿಕೊಂಡು ಎಸಳನ್ನು ಮರೆಮಾಡುತ್ತದೆ. ಬೆಸೆದ ಚಿತ್ರದಲ್ಲಿ ದಂಡದ ಸುತ್ತ ಮಂಜಿನಂತಹ ಅಂಚು ಉಳಿಯುತ್ತದೆ; ಅದನ್ನು ಕೈಯಿಂದಲೇ ತಿದ್ದಬೇಕು. ಡೆಪ್ತ್ ಮ್ಯಾಪ್ ವಿಧಾನವು ಎಸಳಿನ ಬಣ್ಣ, ನುಣುಪುಗಳನ್ನು ಉಳಿಸಿಕೊಡುತ್ತದೆ. ಹೆಣೆದುಕೊಂಡ ಕೇಸರಗಳಿಗೆ ಪಿರಮಿಡ್ ವಿಧಾನ ಮೇಲು, ಆದರೆ ಅದು ಚಿತ್ರದ ಕಾಂಟ್ರಾಸ್ಟನ್ನು ಹೆಚ್ಚಿಸುತ್ತದೆ.

ಇಲ್ಲಿಯೇ ವ್ಯಾಪಾರಿಯು ಎಚ್ಚರ ವಹಿಸಬೇಕು. ಮಂಜಿನ ಅಂಚನ್ನು ಅಳಿಸುವ ಅದೇ ಬ್ರಷ್ಷು ಎಸಳಿನ ಕಲೆಯನ್ನೂ ಅಳಿಸಬಲ್ಲದು. ಮೊದಲನೆಯದು ಕ್ಯಾಮೆರಾದ ದೋಷ, ಎರಡನೆಯದು ಸರಕಿನ ದೋಷ. ಸರಕು ತಲುಪಿದ ದಿನ ಅದು ಬಯಲಾಗದಿರದು. ಮೊದಲ ಚಿತ್ರದಲ್ಲಿ ಹೂವಿನ ಪಕ್ಕ ಬಣ್ಣದ ಕಾರ್ಡ್ ಇಟ್ಟು, ಮೂಲ ಚಿತ್ರಗಳನ್ನೂ ಕಾಪಿಟ್ಟುಕೊಂಡರೆ ತಕರಾರು ಬಂದಾಗ ತೋರಿಸಲು ಆಧಾರವಿರುತ್ತದೆ.

ಹೂವಿನ ವ್ಯಾಪಾರಕ್ಕೆ ಸಂಬಂಧವಿಲ್ಲದವರಿಗೂ ಈ ವಿಧಾನ ಒದಗುತ್ತದೆ. ಜಯನಗರದ ಆಭರಣ ವ್ಯಾಪಾರಿಯ ಮೂಗುತಿಗೂ, ಜೆ.ಪಿ. ನಗರದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟಿನಲ್ಲಿ ತಯಾರಾಗುವ ಸಣ್ಣ ಬಿಡಿಭಾಗಕ್ಕೂ ಕ್ರಮ ಒಂದೇ. ಲೋಹ ಬಾಡುವುದಿಲ್ಲ, ಅಲುಗುವುದಿಲ್ಲ. ಆದರೆ ಹೊಳೆಯುತ್ತದೆ, ಆದುದರಿಂದ ದೀಪಕ್ಕೂ ವಸ್ತುವಿಗೂ ನಡುವೆ ಬಿಳಿಯ ಟ್ರೇಸಿಂಗ್ ಕಾಗದವೊಂದನ್ನು ಹಿಡಿಯಬೇಕಾಗುತ್ತದೆ.