ಇಳಿಯುವ ಬೆಲೆಯ ಗಡಿಯಾರ: ಹರಾಜು ವೃತ್ತಿಯ ನೆನಪನ್ನು ಕಾಯ್ದಿಟ್ಟ ಒಂದು ವಸ್ತುಸಂಗ್ರಹಾಲಯ

ನಮ್ಮ ಮಾರುಕಟ್ಟೆ ಪ್ರಾಂಗಣಗಳಲ್ಲಿ ಸವಾಲು ಎಂದರೆ ಬೆಲೆಯನ್ನು ಏರಿಸುತ್ತ ಹೋಗುವುದೆಂದೇ ಅರ್ಥ. ಒಂದು ಸಲ, ಎರಡು ಸಲ, ಮೂರು ಸಲ ಎಂಬ ಕೂಗನ್ನು ಕೇಳುತ್ತಲೇ ವ್ಯಾಪಾರ ಕಲಿತ ವರ್ತಕ ಬಾಂಧವರಿಗೆ ಬೆಲೆಯು ಮೇಲಿನಿಂದ ಕೆಳಗಿಳಿಯುವ ಹರಾಜು ವಿಚಿತ್ರವೆನಿಸಬಹುದು. ಅಂತಹ ಹರಾಜು ನಡೆಯುತ್ತಿದ್ದ ಹಳೆಯ ಸಭಾಂಗಣವೊಂದನ್ನು ನೆದರ್ಲೆಂಡ್ಸ್ ದೇಶದ ಬ್ರೂಕ್ ಆಪ್ ಲಾಂಗೆಡೈಕ್ ಎಂಬ ಊರಿನಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಗಿದೆ. ಬ್ರೂಕರ್‌ಫೈಲಿಂಗ್ ಎಂಬುದು ಅದರ ಹೆಸರು.

ಆ ಸೀಮೆಯ ತೋಟಗಳೆಲ್ಲ ಕಾಲುವೆಗಳ ನಡುವಿನ ಪುಟ್ಟ ಪುಟ್ಟ ದ್ವೀಪಗಳಾಗಿದ್ದವು. ಬಿತ್ತನೆಗೂ ಕೊಯ್ಲಿಗೂ ದೋಣಿಯೇ ಗಾಡಿ. ಎಲೆಕೋಸು, ಹೂಕೋಸುಗಳನ್ನು ದೋಣಿಯಲ್ಲಿ ಹೇರಿಕೊಂಡು ಬಂದ ಬೆಳೆಗಾರನು ಒಬ್ಬೊಬ್ಬ ವ್ಯಾಪಾರಿಯೊಡನೆ ಬೇರೆಬೇರೆಯಾಗಿ ಚೌಕಾಶಿಗಿಳಿಯಬೇಕಾಗಿತ್ತು. ಹಸಿರು ಸರಕು ನಾಳೆಗೆ ಉಳಿಯದೆಂಬುದು ಇಬ್ಬರಿಗೂ ತಿಳಿದಿದ್ದ ಸಂಗತಿಯಾದರೂ ಅದರ ಲಾಭ ಕೊಳ್ಳುವವನ ಪಾಲಿಗೇ ಹೋಗುತ್ತಿತ್ತು. 1887ರಲ್ಲಿ ಡಿರ್ಕ್ ಯಾಂಗರ್ಲಿಂಗ್ ಎಂಬ ತೋಟಗಾರನು ತನ್ನ ದೋಣಿಯ ಹೂಕೋಸನ್ನು ನೆರೆದ ವ್ಯಾಪಾರಿಗಳ ಮುಂದೆ ಬಹಿರಂಗ ಹರಾಜಿಗಿಟ್ಟನು. ಅಲ್ಲಿನ ತರಕಾರಿ ಹರಾಜಿನ ಆರಂಭವನ್ನು ಅಂದಿನಿಂದಲೇ ಎಣಿಸಲಾಗುತ್ತದೆ. ನಮ್ಮ ಜಾನುವಾರು ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವ ವ್ಯವಹಾರವನ್ನು ಕಂಡವರಿಗೆ, ಬೆಲೆಯು ಎಲ್ಲರೆದುರಿಗೆ ಬರುವುದರಿಂದ ಆಗುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಮುಂದೆ ಕಟ್ಟಲಾದ ಸಭಾಂಗಣದೊಳಕ್ಕೆ ಕಾಲುವೆಯನ್ನೇ ಹಾಯಿಸಲಾಯಿತು. ತುಂಬಿದ ದೋಣಿ ಒಂದು ಕಡೆಯಿಂದ ಒಳಬಂದು, ಮೆಟ್ಟಿಲು ಮೆಟ್ಟಿಲಾಗಿ ಕುಳಿತ ಖರೀದಿದಾರರ ಮುಂದೆ ಸಾಗಿ, ಇನ್ನೊಂದು ಕಡೆಯಿಂದ ಹೊರಹೋಗುತ್ತಿತ್ತು. ಗೋಡೆಯ ಮೇಲೆ ದೊಡ್ಡದೊಂದು ಗಡಿಯಾರ. ಅದರ ಮುಳ್ಳು ಹೆಚ್ಚಿನ ಬೆಲೆಯಿಂದ ಕೆಳಕ್ಕೆ ಸರಿಯುವಾಗ ಮೊದಲು ಗುಂಡಿ ಒತ್ತಿದವನಿಗೆ ಸರಕು. ಗಡಿಯಾರ ಬರುವ ಮೊದಲು ಹರಾಜುಗಾರನು ಬೆಲೆಯನ್ನು ಇಳಿಸುತ್ತ ಕೂಗುವಾಗ ಕೊಳ್ಳುವವನು 'ನನ್ನದು' ಎನ್ನುತ್ತಿದ್ದನು. ಏರು ಸವಾಲಿನಲ್ಲಿ ಎದುರಾಳಿಯ ಮಾತನ್ನು ಕೇಳಿ ಮುಂದುವರಿಯಲು ಅವಕಾಶವುಂಟು. ಇಲ್ಲಿ ಮೊದಲ ಮಾತೇ ಕೊನೆಯ ಮಾತು. ಅವಸರಿಸಿದರೆ ಹೆಚ್ಚು ತೆರಬೇಕು, ಕ್ಷಣ ತಡೆದರೆ ಸರಕು ಕೈಬಿಡುತ್ತದೆ. ವ್ಯವಹಾರವೂ ಬೇಗ ಮುಗಿಯುವುದರಿಂದ ಬಾಡುವ ಸರಕಿಗೆ ಇದು ಹೇಳಿಮಾಡಿಸಿದಂತಿದೆ. ಬೆಂಗಳೂರಿನ ಹೆಬ್ಬಾಳದ ಹೂ ಹರಾಜು ಕೇಂದ್ರವು ಇದೇ ಇಳಿಕೆ ಗಡಿಯಾರದ ಪದ್ಧತಿಯನ್ನು ಅಳವಡಿಸಿಕೊಂಡಿದ್ದು ಈ ಕಾರಣದಿಂದಲೇ.

ಹಾಗೆಂದು ಗಡಿಯಾರವು ಬೆಳೆಗಾರನನ್ನು ಸದಾ ಕಾಯಿತೆಂದಲ್ಲ. ಸರಕು ವಿಪರೀತವಾಗಿ ಬಂದ ದಿನಗಳಲ್ಲಿ ಮುಳ್ಳು ನಿಗದಿತ ಕನಿಷ್ಠ ಬೆಲೆಯನ್ನೂ ದಾಟಿ ಸುತ್ತುತ್ತಿತ್ತು. ಹಾಗೆ ಉಳಿದ ತರಕಾರಿಯನ್ನು ನಾಶಪಡಿಸಬೇಕಾಗುತ್ತಿತ್ತು, ಇಲ್ಲವೇ ದನಗಳಿಗೆ ಹಾಕಬೇಕಾಗುತ್ತಿತ್ತು. ಬೆಳೆದವನ ಕಣ್ಣೆದುರಿಗೇ ನಡೆಯುವ ಈ ಕೆಲಸ ಎಷ್ಟು ನೋವಿನದೆಂಬುದು ರಸ್ತೆಗೆ ಟೊಮೆಟೊ ಸುರಿಯುವುದನ್ನು ನೋಡಿರುವ ನಮಗೆ ಅಪರಿಚಿತವಲ್ಲ.

ಬ್ರೂಕ್ ಸಭಾಂಗಣದ ವ್ಯಾಪಾರವು 1973ರಲ್ಲಿ ನಿಂತಿತು. ಭೂಮಿಯ ಮರುಹಂಚಿಕೆಯಲ್ಲಿ ಬಹಳಷ್ಟು ಕಾಲುವೆಗಳು ಮುಚ್ಚಿಹೋಗಿ, ದೋಣಿಯ ಜಾಗಕ್ಕೆ ಲಾರಿ ಬಂದಿತು. ಆದರೆ ಇಡೀ ದೇಶದ ತರಕಾರಿ ಹರಾಜಿಗೆ ಬಿದ್ದ ದೊಡ್ಡ ಪೆಟ್ಟು ಬೇರೆಯದು. ಸೂಪರ್‌ಮಾರ್ಕೆಟ್ ಸರಣಿಗಳು ಬೆಳೆದಂತೆ ಖರೀದಿದಾರರ ಸಂಖ್ಯೆ ಕುಗ್ಗಿತು. ಅವರಿಗೆ ಬೇಕಾಗಿದ್ದುದು ದಿನದಿನದ ಬೆಲೆಯಲ್ಲ, ಮುಂಗಡ ಒಪ್ಪಂದ. 1996ರಲ್ಲಿ ಒಂಬತ್ತು ಹರಾಜು ಸಂಸ್ಥೆಗಳು ಒಂದುಗೂಡಿ 'ದಿ ಗ್ರೀನರಿ' ಎಂಬ ಮಾರಾಟ ಸಂಸ್ಥೆಯಾದವು. ಗಡಿಯಾರದ ಸ್ಥಾನವನ್ನು ನೇರ ಮಾರಾಟವು ಆಕ್ರಮಿಸಿತು. ಹತ್ತು ಮಂದಿ ಕುಳಿತಾಗ ಮುಳ್ಳನ್ನು ಮೇಲೆಯೇ ತಡೆಯುವ ಭಯವು ಇಬ್ಬರೇ ಕುಳಿತಾಗ ಉಳಿಯುವುದಿಲ್ಲ. ಇಂದು ಪರದೆಯ ಮೇಲೆ ಟೆಂಡರ್ ಹಾಕುತ್ತಿರುವ ನಮ್ಮ ಪ್ರಾಂಗಣಗಳಲ್ಲಿಯೂ ಯಂತ್ರಕ್ಕಿಂತ ಮೊದಲು ಕೇಳಬೇಕಾದುದು, ಪ್ರತಿ ಲಾಟಿಗೆ ಎಷ್ಟು ಮಂದಿ ಬೆಲೆ ನಮೂದಿಸುತ್ತಿದ್ದಾರೆ ಎಂಬುದನ್ನೇ.

ಬ್ರೂಕಿನಲ್ಲಿ ಈಗ ಪ್ರವಾಸಿಗರು ಹಳೆಯ ಆಸನಗಳಲ್ಲಿ ಕುಳಿತು, ಗುಂಡಿ ಒತ್ತಿ, ತರಕಾರಿಯನ್ನು ತಾವೇ ಹರಾಜಿನಲ್ಲಿ ಕೊಳ್ಳಬಹುದಾಗಿದೆ. ಬಳಿಕ ದೋಣಿಯಲ್ಲಿ ಉಳಿದಿರುವ ದ್ವೀಪಗಳನ್ನು ಸುತ್ತಿಬರಬಹುದು.