ಬಣ್ಣ ನೋಡಿ ಗೋಸುಂಬೆ ಎನ್ನಬೇಡಿ

ಬೇಲಿಯ ಮೇಲೆ ಕುಳಿತು ತಲೆಯಾಡಿಸುವ, ಕೊರಳು ಕೆಂಪಾಗುವ ಪ್ರಾಣಿಯನ್ನು ನಮ್ಮಲ್ಲಿ ಹಲವರು ಗೋಸುಂಬೆ ಎನ್ನುವುದುಂಟು. ಅದು ಗೋಸುಂಬೆಯಲ್ಲ, ಓತಿ. ತುಳುವಿನ ‘ಓಂತಿ’, ಮಲೆಯಾಳದ ‘ಓಂದ್’ ಆಡುಮಾತಿನಲ್ಲಿ ಎರಡಕ್ಕೂ ಸಲ್ಲುವುದರಿಂದ, ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಗೊಂದಲ ಸಹಜವೇ. ಕನ್ನಡದಲ್ಲಾದರೋ ಓತಿ ಬೇರೆ, ಗೋಸುಂಬೆ ಅಥವಾ ಊಸರವಳ್ಳಿ ಬೇರೆ. ಓತಿಕೇತನಿಗೆ ಬೇಲಿಯ ಗೂಟ ಸಾಕ್ಷಿ ಎಂದ ಹಿರಿಯರು ಯಾವ ಪ್ರಾಣಿ ಎಲ್ಲಿ ಕೂರುತ್ತದೆಂಬುದನ್ನು ಸರಿಯಾಗಿಯೇ ಗಮನಿಸಿದ್ದರು. (ಪಕ್ಷ ಬದಲಿಸುವವರನ್ನು ಗೋಸುಂಬೆ ಎನ್ನುವ ರೂಢಿ ಬೇರೆ, ಅದರ ವಿಚಾರ ಇಲ್ಲಿ ಬೇಡ.)

ಭಾರತದಲ್ಲಿರುವ ಗೋಸುಂಬೆ ಒಂದೇ ಜಾತಿಯದು. ಕೆಮೀಲಿಯೊ ಝೈಲಾನಿಕಸ್ ಎಂಬ ಅದರ ಶಾಸ್ತ್ರೀಯ ನಾಮ 1768ರಷ್ಟು ಹಳೆಯದು. ಹಾಗಿರುವಾಗ ಗಿಡದ ಮೇಲೆ ಬೆರಳುದ್ದದ ಹಸಿರು ಪ್ರಾಣಿಯೊಂದು ಕಂಡರೆ, ಅದು ಗೋಸುಂಬೆಯ ಮರಿಯೋ ಓತಿಯ ಮರಿಯೋ ಎಂದು ತಿಳಿಯುವುದು ಹೇಗೆ?

ಬಣ್ಣವನ್ನು ನಂಬುವಂತಿಲ್ಲ. ಓತಿಯೂ ಬಣ್ಣ ಬದಲಿಸುತ್ತದೆ. ಪಾದವನ್ನು ನೋಡಬೇಕು. ಓತಿಗೆ ಐದು ಬಿಡಿ ಬೆರಳುಗಳು. ಗೋಸುಂಬೆಯ ಬೆರಳುಗಳು ಎರಡು ಕಟ್ಟುಗಳಾಗಿ ಕೂಡಿಕೊಂಡು ಇಕ್ಕಳದಂತಿರುತ್ತವೆ. ಮುಂಗಾಲಿನಲ್ಲಿ ಒಳಗೆ ಮೂರು, ಹೊರಗೆ ಎರಡು. ಹಿಂಗಾಲಿನಲ್ಲಿ ಇದರ ತಿರುವುಮುರುವು. ಕಣ್ಣು ಗೋಪುರದಂತೆ ಉಬ್ಬಿ, ಒಂದು ಮುಂದಕ್ಕೆ ನೋಡುವಾಗ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಮೈ ಎರಡೂ ಬದಿಯಿಂದ ಅದುಮಿದಂತೆ ಚಪ್ಪಟೆ. ಬಾಲ ಸುರುಳಿಯಾಗಿ ಕೊಂಬೆಗೆ ಸುತ್ತಿಕೊಳ್ಳುತ್ತದೆ. ಮೊಟ್ಟೆಯೊಡೆದು ಬಂದ ಮರಿಯಲ್ಲೂ ಇವೆಲ್ಲ ಇರುವುದರಿಂದ ಗಾತ್ರ ಚಿಕ್ಕದೆಂದು ಮೋಸಹೋಗಬೇಕಾಗಿಲ್ಲ. ನಡಿಗೆಯೂ ಒಂದು ಗುರುತು: ಓತಿ ಸರ್ರನೆ ಓಡಿಹೋಗುತ್ತದೆ, ಗೋಸುಂಬೆ ಗಾಳಿಗೆ ಅಲುಗುವ ಎಲೆಯಂತೆ ಹಿಂದೆ ಮುಂದೆ ತೂಗುತ್ತ ಒಂದೊಂದೇ ಹೆಜ್ಜೆಯಿಡುತ್ತದೆ.

ನಮ್ಮ ಅಡಿಕೆ ತೋಟಗಳಲ್ಲಿ ಇನ್ನೊಬ್ಬನಿದ್ದಾನೆ. ಅಡಿಕೆ ಮರದ ಕಾಂಡಕ್ಕೆ ತೊಗಟೆಯ ಬಣ್ಣದಲ್ಲೇ ಅಂಟಿಕೊಂಡಿದ್ದು, ಕೊರಳಿನ ಹಳದಿ ಚೀಲವನ್ನು ಆಗಾಗ ಹೊರಚಾಚುವ ಹಾರುವ ಓತಿ. ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರಿಗೆ ಪರಿಚಯವಿದ್ದೇ ಇದೆ. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಇದೂ ಗೋಸುಂಬೆಯಲ್ಲ.

ನಿಜವಾಗಿ ಚಿಕ್ಕ ಗೋಸುಂಬೆಗಳಿರುವುದು ಮಡಗಾಸ್ಕರ್ ದ್ವೀಪದಲ್ಲಿ. 2021ರಲ್ಲಿ ಹೆಸರು ಪಡೆದ ಬ್ರೂಕೇಸಿಯಾ ನಾನಾ ಎಂಬ ಜಾತಿಯ ಗಂಡಿನ ಮೈ, ಬಾಲ ಬಿಟ್ಟರೆ, ಕೇವಲ 13.5 ಮಿಲಿಮೀಟರ್. ಅದು ಮರಿಯಲ್ಲವೆಂದು ತಿಳಿದದ್ದು ಹೇಗೆಂದರೆ, ಗಂಡಿನ ಜನನಾಂಗ ಪೂರ್ಣ ಬೆಳೆದಿತ್ತು. ಜೊತೆಗೆ ಸಿಕ್ಕಿದ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಈ ಕುಳ್ಳರಿಗೆ ಸುತ್ತಿಕೊಳ್ಳುವ ಬಾಲವೂ ಇಲ್ಲ, ಹೇಳಿಕೊಳ್ಳುವಂಥ ಬಣ್ಣದಾಟವೂ ಇಲ್ಲ.

ಇಷ್ಟೆಲ್ಲ ಹೇಳುವ ಅಗತ್ಯವೇನೆಂದರೆ, ವಿಷದ ಪ್ರಾಣಿಯೆಂದು, ಅಪಶಕುನವೆಂದು ಓತಿಗೂ ಗೋಸುಂಬೆಗೂ ಒಂದೇ ಕಲ್ಲು ಬೀಳುತ್ತಿದೆ. ಎರಡರಲ್ಲಿಯೂ ಮನುಷ್ಯನಿಗೆ ಅಪಾಯ ತರುವ ವಿಷವಿಲ್ಲ. ಕೀಟ ತಿಂದು ಬದುಕುವ ಪ್ರಾಣಿಗಳು. ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಉಂಟು. ಹಿಡಿದು ಪಂಜರದಲ್ಲಿಡುವುದು ಅಪರಾಧ. ಓಡಲು ಬಾರದ ಅದಕ್ಕೆ ನಮ್ಮ ರಸ್ತೆ ದಾಟುವುದೇ ದೊಡ್ಡ ಗಂಡಾಂತರ.

ಗೋಸುಂಬೆಯನ್ನು ಹುಡುಕಲು ರಾತ್ರಿಯೇ ಸುಲಭ. ಕೊಂಬೆಯ ತುದಿಯಲ್ಲಿ ಬಾಲ ಸುರುಳಿ ಮಾಡಿ ಮಲಗಿದಾಗ ಅದರ ಮೈ ಬಿಳುಚಿಕೊಂಡಿರುತ್ತದೆ. ಟಾರ್ಚಿನ ಬೆಳಕಿಗೆ ಕಪ್ಪು ಎಲೆಗಳ ನಡುವೆ ಎದ್ದು ಕಾಣುತ್ತದೆ. ಮುಟ್ಟದೆ ಪಾದದ ಬೆರಳುಗಳನ್ನು ಎಣಿಸಿ, ಯಾವ ಮರ, ಎಷ್ಟು ಎತ್ತರ ಎಂದು ಬರೆದುಕೊಂಡು ಟಾರ್ಚು ಆರಿಸಿ ಬಂದರಾಯಿತು.