ಕಳೆದ ವರ್ಷವೋ, ಗಳಿಸಿದ ವರ್ಷವೋ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದು, ಸಿ.ಇ.ಟಿ. ಮತ್ತು ನೀಟ್ ಪರೀಕ್ಷೆಗಳ ರ‍್ಯಾಂಕುಗಳೂ ಕೈಸೇರಿದ ಮೇಲೆ ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ಹುಡುಗನು ನಪಾಸಾಗಿಲ್ಲ, ಹುಡುಗಿಗೆ ಪ್ರಥಮ ದರ್ಜೆಯೇ ಬಂದಿದೆ. ಆದರೂ ಬಯಸಿದ ಕಾಲೇಜಿನ ಬಾಗಿಲು ತೆರೆದಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡದ ಮಗ, ಮೂರನೆಯ ದಿನ ಸಂಜೆ ಮೆಲ್ಲನೆ ಹೇಳುತ್ತಾನೆ: “ಅಪ್ಪಾ, ಇನ್ನೊಂದು ವರ್ಷ ಓದಿ ಮತ್ತೆ ಪರೀಕ್ಷೆ ಬರೆಯುತ್ತೇನೆ.” ತಂದೆಗೆ ಖರ್ಚಿನ ಯೋಚನೆ. ತಾಯಿಗೆ ಮಗನ ಮುಖದ ಯೋಚನೆ. ಇಬ್ಬರಿಗೂ ಸೇರಿ, ನಾಳೆ ನೆಂಟರ ಮನೆಯ ಮದುವೆಯಲ್ಲಿ ಯಾರಾದರೂ “ಮಗ ಈಗೇನು ಓದ್ತಿದಾನೆ?” ಎಂದು ಕೇಳಿದರೆ ಏನು ಉತ್ತರ ಹೇಳುವುದೆಂಬ ಯೋಚನೆ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಒಂದೇ ತರಗತಿಯಲ್ಲಿ ಎರಡನೆಯ ವರ್ಷ ಕುಳಿತವನೆಂದರೆ ‘ಡುಮ್ಕಿ ಹೊಡೆದವನು’ ಎಂದೇ ಅರ್ಥ. ಈಗ ಹಾಗಲ್ಲ. ತೇರ್ಗಡೆಯಾದವರೇ, ಒಳ್ಳೆಯ ಅಂಕ ಪಡೆದವರೇ, ಇನ್ನೂ ಒಳ್ಳೆಯ ಸ್ಥಾನಕ್ಕಾಗಿ ಒಂದು ವರ್ಷವನ್ನು ತಾವಾಗಿ ಮುಡಿಪಿಡುತ್ತಾರೆ. ‘ರಿಪೀಟರ್’ ಎಂದು ಅವರನ್ನು ಕರೆಯುವುದು ವಾಡಿಕೆ. ಅವರು ಸೇರುವ ತರಬೇತಿಗೆ ‘ಲಾಂಗ್ ಟರ್ಮ್’ ಎಂದು ಹೆಸರು. ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯೂ ಅಲ್ಲ. ಜಪಾನಿನಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಸಿಗದೆ ಮತ್ತೆ ಪರೀಕ್ಷೆಗೆ ಓದುವ ಹುಡುಗರನ್ನು ‘ರೋನಿನ್’ ಎನ್ನುತ್ತಾರೆ. ಒಡೆಯನಿಲ್ಲದೆ ಅಲೆಯುವ ಯೋಧನೆಂದು ಆ ಪದದ ಹಳೆಯ ಅರ್ಥ. ಶಾಲೆಯೂ ಇಲ್ಲದೆ, ಕಾಲೇಜೂ ಇಲ್ಲದೆ ನಡುವೆ ನಿಂತವನ ಸ್ಥಿತಿಗೆ ಅದು ಒಪ್ಪುವ ಹೆಸರೇ ಸರಿ.

ಈ ವಿಷಯವನ್ನು ಮೈಸೂರು, ಬೆಂಗಳೂರುಗಳ ಕಣ್ಣಿನಿಂದ ನೋಡುವುದು ರೂಢಿ. ಕೊಳ್ಳೇಗಾಲದ ಕಡೆಯಿಂದ ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು—ಈ ಮೂರೂ ಈಗ ಚಾಮರಾಜನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ರೇಷ್ಮೆಯ ಹೆಸರಿನಿಂದ ಕೊಳ್ಳೇಗಾಲವನ್ನೂ, ಮಲೆ ಮಹದೇಶ್ವರನ ಬೆಟ್ಟದ ದಾರಿಯೆಂದು ಹನೂರನ್ನೂ, ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಊರೆಂದು ಯಳಂದೂರನ್ನೂ ವಾಚಕರು ಬಲ್ಲರು. ಆದರೆ ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲವೂ ಅದರೊಳಗಿದ್ದ ಹನೂರಿನ ಸೀಮೆಯೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು; ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಒಂದೇ ಮಾತನ್ನಾಡುವ, ಒಂದೇ ಜಾತ್ರೆಗೆ ಹೋಗುವ ಅಕ್ಕಪಕ್ಕದ ಎರಡು ಊರುಗಳ ಹುಡುಗರಲ್ಲಿ ಒಬ್ಬನನ್ನು ಅಳೆಯುತ್ತಿದ್ದುದು ಮದರಾಸಿನ ಪರೀಕ್ಷೆ, ಇನ್ನೊಬ್ಬನನ್ನು ಮೈಸೂರಿನ ಪರೀಕ್ಷೆ. ಅಳೆಯುವ ಕೋಲು ಬೇರೆಯೆಲ್ಲೋ ತಯಾರಾಗುತ್ತದೆ ಎಂಬುದು ಈ ಸೀಮೆಗೆ ಹೊಸ ಅನುಭವವಲ್ಲ.

ಗಡಿಗಳು ಅಳಿದರೂ ಒಂದು ಗಡಿ ಉಳಿದುಕೊಂಡಿದೆ. ಅದು ಹತ್ತನೆಯ ತರಗತಿಗೂ ಪಿ.ಯು.ಸಿ.ಗೂ ನಡುವಿನ ಭಾಷೆಯ ಗಡಿ. ಇಲ್ಲಿನ ಹಳ್ಳಿಗಳ ಬಹುಮಂದಿ ಮಕ್ಕಳು ಎಸ್.ಎಸ್.ಎಲ್.ಸಿ.ವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುತ್ತಾರೆ. ‘ಜಡತ್ವ’, ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂಬ ಪದಗಳನ್ನು ಅರ್ಥಸಹಿತ ಬಲ್ಲ ಮಗು, ಜೂನ್ ತಿಂಗಳಲ್ಲಿ ಪಿ.ಯು. ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಬಂದು ಕುಳಿತೊಡನೆ ಅವೆಲ್ಲ ‘ಇನರ್ಷಿಯಾ’, ‘ಆಕ್ಸಿಲರೇಷನ್’, ‘ಫೋಟೋಸಿಂಥೆಸಿಸ್’ಗಳಾಗಿಬಿಡುತ್ತವೆ. ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ತಿಳಿದಿದ್ದ ವಿಷಯವೇ ಅಪರಿಚಿತ ವೇಷದಲ್ಲಿ ಬಂದು ಎದುರು ನಿಲ್ಲುತ್ತದೆ. ನಗರದ ಇಂಗ್ಲಿಷ್ ಶಾಲೆಯಿಂದ ಬಂದವನು ಮೊದಲ ದಿನದಿಂದಲೇ ಲೆಕ್ಕ ಬಿಡಿಸತೊಡಗಿದರೆ, ಇವಳು ಮೊದಲು ಪ್ರಶ್ನೆಯನ್ನು ಬಿಡಿಸಬೇಕು. ಎರಡು ವರ್ಷಗಳ ಕೊನೆಯಲ್ಲಿ ಇಬ್ಬರನ್ನೂ ಒಂದೇ ದಿನ, ಒಂದೇ ಗಡಿಯಾರದ ಮುಂದೆ ಕೂರಿಸಲಾಗುತ್ತದೆ.

ಹನೂರಿನ ಆಚೆಯ ಒಂದು ಹಳ್ಳಿಯಿಂದ ಬಂದು, ಎರಡನೆಯ ಸಲ ಪ್ರವೇಶ ಪರೀಕ್ಷೆ ಬರೆದ ಒಬ್ಬ ವಿದ್ಯಾರ್ಥಿನಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: “ಮೊದಲ ಎರಡು ವರ್ಷ ನಾನು ಓದಿದ್ದು ಇಂಗ್ಲಿಷು ಸಾರ್. ಭೌತಶಾಸ್ತ್ರ ಓದಿದ್ದು ಆಮೇಲೆ.” ಇಂತಹ ಮಗುವಿನ ಮೂರನೆಯ ವರ್ಷವನ್ನು ಪುನರಾವರ್ತನೆ ಎಂದು ಕರೆಯುವುದೇ ತಪ್ಪು. ವಿಷಯವನ್ನು ನಿಜವಾಗಿ ಕಲಿಯುವ ಮೊದಲನೆಯ ವರ್ಷ ಅದು. ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಪಡೆಯಲು ಅವಕಾಶವಿದೆ, ನಿಜ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಕೇಳಿದ ಪಾಠವನ್ನು ಪರೀಕ್ಷೆಯ ದಿನ ಕನ್ನಡಕ್ಕೆ ತಿರುಗಿಸಿಕೊಳ್ಳುವ ಧೈರ್ಯ ಎಷ್ಟು ಮಂದಿಗೆ ಬಂದೀತು?

ಹಾಗೆಂದ ಮಾತ್ರಕ್ಕೆ ಕೇಳಿದವರಿಗೆಲ್ಲ ಒಂದು ವರ್ಷ ಕೊಟ್ಟುಬಿಡುವುದು ಜಾಣತನವಲ್ಲ. ಮೊದಲು ನೋಡಬೇಕಾದದ್ದು, ತೆರೆಯಬೇಕಾದ ಬೀಗ ಯಾವುದು ಎಂಬುದು. ಕರ್ನಾಟಕದಲ್ಲಿ ೧೯೯೪ರಿಂದ ಸಿ.ಇ.ಟಿ. ನಡೆಯುತ್ತಿದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿ.ಇ.ಟಿ. ಅಂಕಗಳು ಅರ್ಧ, ಪಿ.ಯು.ಸಿ.ಯ ಭೌತ, ರಸಾಯನ, ಗಣಿತಗಳ ಅಂಕಗಳು ಅರ್ಧ. ವೈದ್ಯಕೀಯದ ನಿಯಮವೇ ಬೇರೆ. ೨೦೧೭ರಿಂದ ಅಲ್ಲಿ ನೀಟ್ ಒಂದೇ ಅಳತೆಗೋಲು. ಪಿ.ಯು.ಸಿ.ಯ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಸಾಮಾನ್ಯ ವರ್ಗದವರಿಗೆ ಒಟ್ಟು ಶೇಕಡ ೫೦, ಮೀಸಲು ವರ್ಗದವರಿಗೆ ಶೇಕಡ ೪೦ ಬಂದಿದ್ದರೆ ಅರ್ಹತೆ ದೊರೆಯಿತು. ಅದಕ್ಕಿಂತ ಹೆಚ್ಚು ಬಂದ ಅಂಕಗಳು ರ‍್ಯಾಂಕನ್ನು ಮೇಲೇರಿಸುವುದಿಲ್ಲ. ಡಾಕ್ಟರಾಗಬಯಸುವ ಹುಡುಗಿಯನ್ನು ಪಿ.ಯು.ಸಿ. ಅಂಕ ಹೆಚ್ಚಿಸಿಕೊಳ್ಳಲೆಂದು ವರ್ಷವಿಡೀ ಕೂರಿಸಿದರೆ, ಬೇರೆ ಬೀಗಕ್ಕೆ ಬೀಗದ ಕೈ ಮಾಡಿಸಿದಂತಾಯಿತು. ಐ.ಐ.ಟಿ. ಕನಸಿನವರು ತಿಳಿದಿರಬೇಕಾದ ಇನ್ನೊಂದು ನಿಯಮವುಂಟು. ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯನ್ನು ಬರೆಯಲು ಅವಕಾಶ ಎರಡೇ ಸಲ, ಅದೂ ಒಂದರ ಹಿಂದೊಂದು ಬರುವ ಎರಡು ವರ್ಷಗಳಲ್ಲಿ. ನೀಟ್ ಬರೆಯಲು ಇಷ್ಟೇ ಸಲ ಎಂಬ ಮಿತಿಯಿಲ್ಲ. ಮಿತಿಯಿಲ್ಲದಿರುವುದೇ ಕೆಲವರಿಗೆ ಉರುಳಾಗಿ, ಮೂರು ನಾಲ್ಕು ವರ್ಷಗಳು ಸವೆದುಹೋಗುವುದನ್ನೂ ಕಾಣುತ್ತೇವೆ.

ಅಂಕ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಈಗ ವರ್ಷವನ್ನೇ ಬಿಡಬೇಕಾಗಿಲ್ಲ. ೨೦೨೪ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಕ್ರಮ ಬಂದಿತು. ನಪಾಸಾದವರಷ್ಟೇ ಅಲ್ಲದೆ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದು, ಬಂದವುಗಳಲ್ಲಿ ಹೆಚ್ಚಿನದನ್ನು ಉಳಿಸಿಕೊಳ್ಳಬಹುದು ಎಂದಾಯಿತು. ಮುಂದಿನ ಪರೀಕ್ಷೆಗಳ ವೇಳಾಪಟ್ಟಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡರೆ, ವರ್ಷದ ಕೆಲಸ ಕೆಲವೇ ವಾರಗಳಲ್ಲಿ ಮುಗಿದೀತು.

ಮತ್ತೆ ಪರೀಕ್ಷೆ ಬರೆಯುವವರು ಹಳೆಯ ಅಂಕಗಳನ್ನು ಜೊತೆಗೆ ತರುತ್ತಾರೆ. ಆ ಅಂಕಗಳ ಬೆಲೆ ಎಷ್ಟೆಂಬ ಪ್ರಶ್ನೆ ಒಮ್ಮೆ ನಾಡನ್ನೇ ಕಲಕಿತ್ತು. ಕೋವಿಡ್ ಕಾರಣದಿಂದ ೨೦೨೧ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಆಧಾರದ ಮೇಲೆ ಫಲಿತಾಂಶ ಕೊಡಲಾಯಿತು. ೨,೨೩೯ ಮಂದಿಗೆ ೬೦೦ಕ್ಕೆ ೬೦೦ ಬಂದಿತು. ಆ ತಂಡದವರಲ್ಲಿ ಅನೇಕರು ಒಂದು ವರ್ಷ ಕಾದು ೨೦೨೨ರಲ್ಲಿ ಮತ್ತೆ ಸಿ.ಇ.ಟಿ. ಬರೆದಾಗ, ಪರೀಕ್ಷೆಯಿಲ್ಲದೆ ಬಂದ ಪಿ.ಯು.ಸಿ. ಅಂಕಗಳನ್ನು ರ‍್ಯಾಂಕಿಗೆ ಸೇರಿಸುವುದಿಲ್ಲವೆಂದು ಪರೀಕ್ಷಾ ಪ್ರಾಧಿಕಾರ ತೀರ್ಮಾನಿಸಿತು. ಸುಮಾರು ೨೪,೦೦೦ ಮಂದಿಯ ಸ್ಥಾನ ಒಮ್ಮೆಲೇ ಕುಸಿಯಿತು. ಅವರು ಹೈಕೋರ್ಟಿನ ಮೆಟ್ಟಿಲೇರಿದರು. ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಆ ತೀರ್ಮಾನವನ್ನು ರದ್ದುಪಡಿಸಿತು. ಆಗ ದಿಗಿಲು ಬಿದ್ದವರು ಆ ವರ್ಷ ನಿಜವಾಗಿಯೂ ಪರೀಕ್ಷೆ ಬರೆದು ಬಂದ ಹೊಸ ಹುಡುಗರು. ಸರ್ಕಾರದ ಮೇಲ್ಮನವಿಯ ಬಳಿಕ ವಿಭಾಗೀಯ ಪೀಠದ ಮುಂದೆ, ಹಳೆಯ ತಂಡದವರ ಅಂಕಗಳಲ್ಲಿ ನೂರಕ್ಕೆ ಸುಮಾರು ಆರರಷ್ಟನ್ನು ಕಳೆದು ಉಳಿದುದನ್ನು ಪರಿಗಣಿಸುವ ಸೂತ್ರಕ್ಕೆ ಒಪ್ಪಿಗೆಯಾಯಿತು. ಎರಡು ಕಡೆಯವರಿಗೂ ಪೂರ್ಣ ತೃಪ್ತಿಯಾಗಲಿಲ್ಲ. ಒಂದು ಪಾಠವಂತೂ ಉಳಿಯಿತು: ವರ್ಷ ಕಾಯುವವನ ಕೈಯಲ್ಲಿ ಅವನ ಓದು ಮಾತ್ರ ಇರುತ್ತದೆ, ಮುಂದಿನ ವರ್ಷದ ನಿಯಮವಲ್ಲ.

ಹೀಗೆ ಕಾದು ಒಳಗೆ ಹೋದವರು ಹಿಂದೆಯೂ ಇದ್ದರು. ಮೈಸೂರಿನ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯರ ಮಗನೊಬ್ಬ ೧೯೨೫ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ. ಒಂದು ವರ್ಷ ಮನೆಯಲ್ಲೇ ಉಳಿದು, ಮನಸ್ಸಿಗೆ ಬಂದ ಪುಸ್ತಕಗಳನ್ನೋದುತ್ತ, ಬರೆಯುತ್ತ ಕಳೆದ. ೧೯೨೬ರಲ್ಲಿ ತೇರ್ಗಡೆಯಾಗಿ ಮಹಾರಾಜ ಕಾಲೇಜನ್ನು ಸೇರಿದ. ಆತನೇ ಮುಂದೆ ಜಗತ್ತಿಗೆ ಮಾಲ್ಗುಡಿಯನ್ನು ಕೊಟ್ಟ ಆರ್.ಕೆ. ನಾರಾಯಣ್. ಆ ವರ್ಷ ಅವರನ್ನು ಸಾಹಿತಿಯನ್ನಾಗಿ ಮಾಡಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಆ ಮನೆಯಲ್ಲಿ ಆ ವರ್ಷ ಹುಡುಗನಿಗೆ ಓದುವ ಸ್ವಾತಂತ್ರ್ಯವಿತ್ತು, ಮರುವರ್ಷ ಪರೀಕ್ಷೆಗೆ ಕೂರುವ ಧೈರ್ಯ ಉಳಿದಿತ್ತು ಎಂಬುದಂತೂ ದಿಟ.

ಆದರೆ ಹೆಡ್‌ಮಾಸ್ತರರ ಮನೆ ಬೇರೆ, ನೂಲು ತೆಗೆಯುವವನ ಮನೆ ಬೇರೆ. ಮೈಸೂರಿನಲ್ಲಿ ತರಬೇತಿಗೆ ಸೇರಿದರೆ ಶುಲ್ಕ, ಹಾಸ್ಟೆಲು, ಊಟ, ಬಸ್ಸು ಎಲ್ಲವನ್ನೂ ಲೆಕ್ಕ ಹಾಕಬೇಕು. ಮಗನೊಬ್ಬ ದುಡಿಮೆಗೆ ಇಳಿಯುವುದು ಒಂದು ವರ್ಷ ತಡವಾಗುವುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಇದಕ್ಕಿಂತ ದೊಡ್ಡ ಬೆಲೆ ತೆರುವವಳು ಮಗಳು. ಪಿ.ಯು.ಸಿ. ಮುಗಿಯುವ ಹೊತ್ತಿಗೆ ಅವಳಿಗೆ ಹದಿನೇಳು, ಹದಿನೆಂಟು. ಕಾಲೇಜಿನ ಹೆಸರಿಲ್ಲದೆ ಮನೆಯಲ್ಲಿ ಕುಳಿತು ಓದುವ ಹುಡುಗಿಯನ್ನು ಕಂಡೊಡನೆ ನೆಂಟರಿಷ್ಟರಿಗೆ ಜಾತಕದ ನೆನಪಾಗುತ್ತದೆ. ಮಗ ಕೇಳಿದರೆ “ಆಗಲಿ, ಇನ್ನೊಂದು ಸಲ ನೋಡೋಣ” ಎನ್ನುವ ಮನೆಯಲ್ಲಿಯೇ ಮಗಳು ಕೇಳಿದರೆ “ಸಿಕ್ಕಿದ ಡಿಗ್ರಿಗೆ ಸೇರಿಬಿಡಮ್ಮ” ಎಂಬ ಉತ್ತರ ಬರುತ್ತದೆ. ಕನ್ನಡ ಶಾಲೆಯಿಂದ ಬಂದು, ಮನೆಗೆಲಸದ ನಡುವೆ ಓದಿ, ಕೆಲವೇ ಅಂಕಗಳಿಂದ ಸೀಟು ತಪ್ಪಿಸಿಕೊಂಡವಳಿಗೆ ಆ ಒಂದು ವರ್ಷ ಸಿಗದಿರುವುದು ನಮ್ಮ ಊರುಗಳು ಡಾಕ್ಟರಮ್ಮನೊಬ್ಬಳನ್ನು ಕಳೆದುಕೊಳ್ಳುವ ರೀತಿ. ಸದ್ದಿಲ್ಲದೆ ಆಗುವ ನಷ್ಟವಾದ್ದರಿಂದ ಯಾರೂ ಲೆಕ್ಕವಿಡುವುದಿಲ್ಲ.

ಆದಕಾರಣ ತಾಯ್ತಂದೆಯರಲ್ಲಿ ಕೆಲವು ಮಾತುಗಳನ್ನು ವಿನಂತಿಸಿಕೊಳ್ಳುತ್ತೇನೆ. ಮಗ ಕೇಳಲಿ, ಮಗಳು ಕೇಳಲಿ, ಒಂದೇ ತಕ್ಕಡಿಯಲ್ಲಿ ತೂಗಿ. ಎಷ್ಟು ಅಂಕ ಬಂದಿತ್ತು, ಎಷ್ಟು ಬೇಕಾಗಿತ್ತು, ಕೊರತೆ ಯಾವ ವಿಷಯದಲ್ಲಿ ಎಂದು ಕಾಗದದ ಮೇಲೆ ಬರೆದು ನೋಡಿ. ಅಂತರ ಅಲ್ಪವಾಗಿದ್ದು ಕಾರಣ ಸ್ಪಷ್ಟವಾಗಿದ್ದರೆ ವರ್ಷ ಕೊಡುವುದು ನ್ಯಾಯ; ಕಾರಣವೇ ತಿಳಿಯದಿದ್ದರೆ ಮರುವರ್ಷವೂ ಅದೇ ಫಲ ಬರುವ ಸಂಭವ ಹೆಚ್ಚು. ಒಂದೇ ವರ್ಷ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಆಮೇಲೆ ಹಿಡಿಯುವ ಇನ್ನೊಂದು ದಾರಿಯನ್ನೂ ಮೊದಲೇ ಮಾತಾಡಿಕೊಳ್ಳಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ರಾಜ್ಯದ ಸೀಟುಗಳಲ್ಲಿ ಮೀಸಲಾತಿಯುಂಟು. ಆ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನಕ್ಕಾಗಿ ಕಾಯದೆ ಹಳೆಯ ಶಾಲೆಯಿಂದ ತರಿಸಿಟ್ಟುಕೊಳ್ಳಿ.

ಇನ್ನೊಂದು ಮಾತು. ವರ್ಷ ಕೊಟ್ಟ ಮೇಲೆ ದಿನಕ್ಕೊಮ್ಮೆ ಅದರ ಲೆಕ್ಕ ಕೇಳಬೇಡಿ. ಓದುವ ಮಗುವಿನ ಮುಂದೆ ಖರ್ಚಿನ ಮಾತನ್ನಾಗಲಿ, ಚಿಕ್ಕಪ್ಪನ ಮಗನ ಕಾಲೇಜಿನ ಮಾತನ್ನಾಗಲಿ ತೆಗೆಯಬೇಡಿ. ಗೆಳೆಯರೆಲ್ಲ ಮುಂದೆ ಹೋದಾಗ ಒಂಟಿಯಾಗಿ ಉಳಿದವರ ಮನಸ್ಸು ಬಲು ಮೃದು. ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮಾತು ನಿಂತರೆ ಅದನ್ನು ಸೋಮಾರಿತನವೆಂದು ತಿಳಿಯದೆ ಬಳಿಯಲ್ಲಿ ಕೂರಿಸಿಕೊಂಡು ಮಾತನಾಡಿಸಿ. ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ‘ಟೆಲಿ ಮಾನಸ್’ ದೂರವಾಣಿ ೧೪೪೧೬ ಉಂಟು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೊಳ್ಳೇಗಾಲದ ಮಗ್ಗದ ಮನೆಗಳಲ್ಲಿ ಎಳೆ ಕಡಿದರೆ ನೇಕಾರನು ನೇಯ್ದ ಬಟ್ಟೆಯನ್ನು ಕಿತ್ತೆಸೆಯುವುದಿಲ್ಲ. ಕಡಿದ ಜಾಗವನ್ನು ಹುಡುಕಿ, ಎಳೆಗೆ ಎಳೆ ಸೇರಿಸಿ, ಮುಂದಕ್ಕೆ ನೇಯುತ್ತಾನೆ. ಅದಕ್ಕೆ ತಗಲುವ ಹೊತ್ತನ್ನು ಯಾರೂ ದಂಡವೆಂದು ಎಣಿಸುವುದಿಲ್ಲ. ಈ ವರ್ಷ ಯಾವ ಮನೆಯಲ್ಲಿ ಮಗಳು “ಇನ್ನೊಂದು ಸಲ ಬರೆಯುತ್ತೇನೆ ಅಪ್ಪಾ” ಎನ್ನುತ್ತಾಳೋ, ಆ ಮನೆಯವರು ಆಗದು ಎನ್ನುವ ಮುನ್ನ ಅವಳ ಅಂಕಪಟ್ಟಿಯನ್ನು ತೆಗೆದುಕೊಂಡು ಒಂದು ಸಂಜೆ ಅವಳೊಡನೆ ಕುಳಿತುಕೊಳ್ಳಲಿ.